ಕರೆಂಟು ಹೋದರೆ ಅಸಿಸ್ಟೆಂಟೂ ಹೋಯಿತು

ಬ್ಯಾಟರಿ ಇರುವ ಸ್ಮಾರ್ಟ್ ಸ್ಪೀಕರ್‌ಗಳ ಬಗೆಗಿನ ನಿಮ್ಮ ಲೇಖನದಲ್ಲಿ ‘ಬ್ಯಾಟರಿ ಇರುವುದರಿಂದ ಕರೆಂಟು ಹೋದರೂ ವಾಯ್ಸ್ ಅಸಿಸ್ಟೆಂಟ್ (ಮಾತಿನಲ್ಲಿ ಕೇಳಿದ್ದಕ್ಕೆ ಉತ್ತರ ಕೊಡುವ ವ್ಯವಸ್ಥೆ) ಕೆಲಸ ಮಾಡುತ್ತದೆ’ ಎಂದು ಬರೆದಿದ್ದೀರಿ. ಇದು ಅರ್ಧ ಮಾತ್ರ ಸರಿ. ಮಳೆಗಾಲದಲ್ಲಿ ಒಮ್ಮೆ ನಮ್ಮ ಕಾಸರಗೋಡಿನ ಬದಿಯಡ್ಕದ ಕಡೆ ಬಂದು ನೋಡಿ. ಕರೆಂಟು ಹೋದ ಕೂಡಲೇ ವೈಫೈ ರೌಟರ್ ಕೂಡ ಆಫ್. ಸ್ಪೀಕರ್‌ಗೆ ಜೀವ ಇದ್ದರೇನು, ಇಂಟರ್ನೆಟ್ ಬೇಡವೇ? ‘ಅಲೆಕ್ಸಾ’ ಎಂದು ಅಸಿಸ್ಟೆಂಟಿನ ಹೆಸರು ಕರೆದದ್ದನ್ನು ಮಾತ್ರ ಆ ಡಬ್ಬ ತಾನೇ ಗುರುತಿಸುತ್ತದೆ. ಆಮೇಲೆ ನಾವು ಕೇಳಿದ್ದು ಹೆಚ್ಚಾಗಿ ಕಂಪೆನಿಯ ಸರ್ವರ್‌ಗೆ ಹೋಗಿ ಬರಬೇಕು. ರೌಟರ್‌ಗೊಂದು ಸಣ್ಣ ಯುಪಿಎಸ್ ಇಟ್ಟರೆ ಸ್ವಲ್ಪ ಹೊತ್ತು ನಡೆದೀತು. ಅದೂ ಲೈನ್ ತುಂಡಾಗದಿದ್ದರೆ!

ಇನ್ನು ಸ್ಪೀಕರನ್ನು ಹೊರಗೆ ಒಯ್ಯುವ ಮಾತು. ಅಡಿಕೆ ತೋಟಕ್ಕೆ ಮನೆಯ ವೈಫೈ ಎಲ್ಲಿ ಸಿಗುತ್ತದೆ? ಬ್ಲೂಟೂತ್‌ಗೆ ಹಾಕಿದರೆ ಹಾಡು ಕೇಳಬಹುದು, ಆದರೆ ಕೆಲವು ಮಾಡೆಲ್‌ಗಳಲ್ಲಿ ಆಗ ಅಸಿಸ್ಟೆಂಟ್ ಬಂದ್. 2019ರ ಸೋನೋಸ್ ಕಂಪೆನಿಯ ‘ಮೂವ್’ ಸ್ಪೀಕರ್ ಹಾಗೇ ಇತ್ತು, ಮೇಲಿಂದ 3 ಕೆಜಿ ಭಾರ. ಅದನ್ನು ಹೊತ್ತುಕೊಂಡು ಗುಡ್ಡ ಹತ್ತುವುದು ಯಾರು? ಫೋನಿನ ಹಾಟ್‌ಸ್ಪಾಟ್ ಕೊಡಬಹುದು ನಿಜ. ಆದರೆ ಫೋನು ಕೈಯಲ್ಲೇ ಇರುವಾಗ ಅದನ್ನೇ ಕೇಳಬಹುದಲ್ವಾ? ಅಸಿಸ್ಟೆಂಟ್‌ಗೆಂದು ಜಾಸ್ತಿ ದುಡ್ಡು ಕೊಟ್ಟದ್ದು ಸುಮ್ನೆ.

ತಾಳಮದ್ದಳೆ ರೆಕಾರ್ಡಿಂಗ್ ಕೇಳುವುದಕ್ಕೆ ನಮಗೆ ಸಾದಾ ಬ್ಲೂಟೂತ್ ಸ್ಪೀಕರ್ ಧಾರಾಳ ಸಾಕು. ಅರ್ಥಗಾರಿಕೆಯ ನಡುವೆ ಯಾವುದೋ ಶಬ್ದವನ್ನು ತನ್ನ ಹೆಸರೆಂದು ತಿಳಿದು ಅಸಿಸ್ಟೆಂಟ್ ಬಾಯಿ ಹಾಕುವ ತಾಪತ್ರಯವೂ ಇಲ್ಲ. ಮುಂದಿನ ಸಲ ಇಂಥ ಲೇಖನದಲ್ಲಿ ಯಾವ ಮಾಡೆಲ್ ಇಂಟರ್ನೆಟ್ ಇಲ್ಲದೆ ಏನೇನು ಮಾಡುತ್ತದೆ ಎಂದು ಬಿಡಿಸಿ ಬರೆಯಿರಿ.