ಗ್ರೆಸ್ಲಿಯವರ ಉಗಿ ಎಂಜಿನ್ನಿನ ನಡುವಿನ ಸಿಲಿಂಡರ್: ಸನ್ನೆಕೋಲಿನ ಆಯ್ಕೆ ಸರಿಯಾಗಿತ್ತೇ?

ಪರ

ಎಕ್ಸ್‌ಪ್ರೆಸ್ ಉಗಿ ಎಂಜಿನ್ನಿಗೆ ಮೂರು ಸಿಲಿಂಡರ್‌ಗಳಿದ್ದರೆ ಎಳೆತ ಹೆಚ್ಚು ಸಮನಾಗಿರುತ್ತದೆ, ಹಳಿಯ ಮೇಲಿನ ಹೊಡೆತ ತಗ್ಗುತ್ತದೆ, ಇದರಲ್ಲಿ ತಕರಾರಿಲ್ಲ. ತೊಡಕಿರುವುದು ನಡುವಿನ ಸಿಲಿಂಡರಿನ ವಾಲ್ವನ್ನು, ಅಂದರೆ ಉಗಿಯನ್ನು ಒಳಬಿಟ್ಟು ಹೊರಬಿಡುವ ಭಾಗವನ್ನು, ನಡೆಸುವುದರಲ್ಲಿ. ಅದಕ್ಕೊಂದು ಪ್ರತ್ಯೇಕ ಜೋಡಣೆಯನ್ನು ಚೌಕಟ್ಟಿನ ಇಕ್ಕಟ್ಟಿನೊಳಗೆ ಕೂರಿಸಿದರೆ, ಎಣ್ಣೆ ಹಾಕುವವರಿಗೂ ದುರಸ್ತಿ ಮಾಡುವವರಿಗೂ ಕೈ ತಲುಪುವುದೇ ಕಷ್ಟ. ಬ್ರಿಟನ್ನಿನ ರೈಲು ಎಂಜಿನ್ ವಿನ್ಯಾಸಕಾರ ನೈಜೆಲ್ ಗ್ರೆಸ್ಲಿಯವರು ಹೊರಗಿನ ಎರಡು ವಾಲ್ವುಗಳ ಚಲನೆಯನ್ನೇ ಸನ್ನೆಕೋಲುಗಳಿಂದ ಕೂಡಿಸಿ ಮೂರನೆಯದನ್ನು ನಡೆಸಿದರು. ತೂಕವೂ ಖರ್ಚೂ ಉಳಿದವು. 1922ರಿಂದ ಬಂದ ಅವರ ಪೆಸಿಫಿಕ್ (4-6-2 ಚಕ್ರಜೋಡಣೆಯ) ಎಂಜಿನ್‌ಗಳೆಲ್ಲ ಹೀಗೆಯೇ ಓಡಿದವು. 1928ರ ಮೇ 1ರಿಂದ ಲಂಡನ್–ಎಡಿನ್‌ಬರೋ ನಡುವಿನ ಸುಮಾರು 393 ಮೈಲಿಯನ್ನು ಎಲ್ಲಿಯೂ ನಿಲ್ಲದೆ ಕ್ರಮಿಸಿದವೂ ಇವೇ.

ಯುದ್ಧಕಾಲದಲ್ಲಿ ಆರೈಕೆ ತಪ್ಪಿದಾಗ ಇವು ಕೆಟ್ಟದ್ದು ನಿಜ. ಆದರೆ 1950ರ ದಶಕದಲ್ಲಿ, ಸ್ವಿಂಡನ್ನಿನ ರೈಲ್ವೆ ಕಾರ್ಖಾನೆಯಲ್ಲಿ ಪಳಗಿದ ಕೆ. ಜೆ. ಕುಕ್ ಅವರು ಡಾನ್‌ಕಾಸ್ಟರ್ ಕಾರ್ಖಾನೆಗೆ ದೃಗ್ಯಂತ್ರದ ನಿಖರ ಅಳತೆಯನ್ನು ತಂದು, ನಡುವಿನ ಬಿಗ್ ಎಂಡ್ ಬೇರಿಂಗನ್ನು (ಪಿಸ್ಟನ್ನಿನ ಬಲವನ್ನು ಒಯ್ಯುವ ದಂಡ ಕ್ರ್ಯಾಂಕಿಗೆ ಸೇರುವ ಕಡೆಯ ಬೇರಿಂಗ್) ಸುಧಾರಿಸಿದ ಮೇಲೆ, ಅವೇ ಸನ್ನೆಕೋಲುಗಳಿದ್ದ ಎಂಜಿನ್‌ಗಳು ನೆಚ್ಚಿಕೆಯಿಂದ ದುಡಿದವು.

ವಿರೋಧ

ಎಂಜಿನ್ನಿನ ಯೋಗ್ಯತೆಯನ್ನು ಅಳೆಯಬೇಕಾದದ್ದು ಸಾಮಾನ್ಯ ಶೆಡ್ಡಿನಲ್ಲಿ, ಕೈತುಂಬ ಕೆಲಸವಿರುವ ಕೂಲಿಕಾರರ ನಡುವೆ. ಅಲ್ಲಿ ಈ ಜೋಡಣೆ ಸೋಲುತ್ತದೆ, ಏಕೆಂದರೆ ಪ್ರತಿಯೊಂದು ಪಿನ್ನಿನ ಸವೆತವೂ ಕೂಡುತ್ತ ಹೋಗಿ ನಡುವಿನ ವಾಲ್ವಿನ ಮೇಲೆಯೇ ಬೀಳುತ್ತದೆ. ಸನ್ನೆಕೋಲುಗಳಿರುವುದು ಎಂಜಿನ್ನಿನ ಮುಂಭಾಗದಲ್ಲಿ, ಹೊಗೆಪೆಟ್ಟಿಗೆಯ ಬೂದಿ ಉದುರುವ ಕಡೆ. ವೇಗ ಏರಿದಂತೆ ಸಡಿಲವಾದ ಆ ವಾಲ್ವ್ ಅಳತೆ ಮೀರಿ ಸರಿಯುತ್ತದೆ, ನಡುವಿನ ಸಿಲಿಂಡರ್ ತನ್ನ ಪಾಲಿಗಿಂತ ಹೆಚ್ಚು ದುಡಿಯುತ್ತದೆ, ಆ ಭಾರವನ್ನೆಲ್ಲ ಒಂದೇ ಬೇರಿಂಗ್ ಹೊರಬೇಕಾಗುತ್ತದೆ. 1938ರ ಜುಲೈ 3ರಂದು ಗಂಟೆಗೆ 126 ಮೈಲಿ ಮುಟ್ಟಿ ಉಗಿ ಎಂಜಿನ್ನಿನ ವೇಗದ ದಾಖಲೆ ಮಾಡಿದ ಗ್ರೆಸ್ಲಿಯವರ ಮಲ್ಲಾರ್ಡ್ ಎಂಜಿನ್ನನ್ನು ಪೀಟರ್‌ಬರೋದಲ್ಲಿ ರೈಲಿನಿಂದ ಬಿಡಿಸಬೇಕಾದದ್ದು ಇದೇ ಬೇರಿಂಗ್ ಕಾದುಹೋಗಿ. ಆ ದಾಖಲೆಯನ್ನು ನಾನು ಮನಸಾರೆ ಗೌರವಿಸುತ್ತೇನೆ, ಆದರೆ ಅದನ್ನು ಈ ಜೋಡಣೆಯ ಸಮರ್ಥನೆಗೆ ಬಳಸುವುದು ನ್ಯಾಯವಲ್ಲ.

ಕುಕ್ ಅವರ ದುರಸ್ತಿಯೂ ಹಾಗೆಯೇ: ಹೊಡೆತ ತಿನ್ನುವ ಬೇರಿಂಗ್ ಗಟ್ಟಿಯಾಯಿತು, ಹೊಡೆತದ ಮೂಲ ಉಳಿಯಿತು. 1942ರಲ್ಲಿ ಬೇರೊಂದು ರೈಲ್ವೆಯ ಎಂಜಿನಿಯರ್ ಇ. ಎಸ್. ಕಾಕ್ಸ್ ಅವರು ಸಿದ್ಧಪಡಿಸಿದ ವರದಿ, ಹೊಸ ಎಂಜಿನ್‌ಗಳಲ್ಲಿ ಈ ಪದ್ಧತಿ ಮುಂದುವರಿಯಬಾರದೆಂದಿತು. ಅದನ್ನು ಕೇಳಿ ಪಡೆದ, ಗ್ರೆಸ್ಲಿಯವರ ನಂತರ ಅವರ ಹುದ್ದೆಗೆ ಬಂದ ಎಡ್ವರ್ಡ್ ಥಾಂಪ್ಸನ್ ಅವರಿಗೆ ಗ್ರೆಸ್ಲಿಯವರ ಮೇಲೆ ಅಸಮಾಧಾನವಿತ್ತೆಂದು ವಾದಿಸುವವರಿದ್ದಾರೆ. ಗ್ರೆಸ್ಲಿಯವರ ಕೈಕೆಳಗೇ ದುಡಿದು, ಥಾಂಪ್ಸನ್ ಅವರ ನಂತರ ಆ ಹುದ್ದೆಗೆ ಬಂದ ಆರ್ಥರ್ ಪೆಪರ್‌ಕಾರ್ನ್ ಅವರ ಬಗ್ಗೆ ಆ ಮಾತು ಸಲ್ಲದು; ಅವರ ವಿನ್ಯಾಸದಂತೆ 1948–49ರಲ್ಲಿ ಕಟ್ಟಿದ 49 ‘ಎ1’ ವರ್ಗದ ಎಂಜಿನ್‌ಗಳಲ್ಲಿ ಮೂರು ಸಿಲಿಂಡರ್‌ಗಳಿಗೂ ಮೂರು ಪ್ರತ್ಯೇಕ ಜೋಡಣೆಗಳೇ ಇದ್ದವು.