ಹಿತ್ತಾಳೆ ಜರಡಿ ಇದ್ದರೆ ಮೊದಲು ಬದಲಿಸಿ

ಚಿಕ್ಕಮಗಳೂರು ಜಿಲ್ಲೆ ಪೂರ್ತಿಗೆ ಒಂದೇ ವೇರಿಯೋಗ್ರಾಂ (ದೂರ ಹೆಚ್ಚಿದಂತೆ ಮೌಲ್ಯಗಳು ಎಷ್ಟು ಬೇರೆಯಾಗುತ್ತವೆ ಎಂದು ತೋರಿಸುವ ರೇಖೆ) ಹಾಕಿ ಕ್ರಿಗಿಂಗ್ (ಮಾದರಿ ತೆಗೆದ ಜಾಗಗಳಿಂದ ಉಳಿದ ಜಾಗಗಳ ಮೌಲ್ಯ ಅಂದಾಜಿಸುವ ವಿಧಾನ) ಮಾಡಿದರೆ ಮಣ್ಣಿನ ಸತು, ತಾಮ್ರದ ನಕ್ಷೆ ಸಿಗುತ್ತದೆ ಅನ್ನುವ ಲೇಖನವೊಂದರ ಸಲಹೆ ನನಗೆ ಒಪ್ಪಿಗೆಯಿಲ್ಲ. ಮೂಡಿಗೆರೆಯ ಕಾಫಿ ತೋಟಗಳಿಗೆ ವರ್ಷ ವರ್ಷ ಬೋರ್ಡೋ ದ್ರಾವಣ (ಮೈಲುತುತ್ತ-ಸುಣ್ಣದ ಶಿಲೀಂಧ್ರನಾಶಕ) ಬಿದ್ದು ಮೇಲ್ಮಣ್ಣಿನಲ್ಲಿ ತಾಮ್ರ ಕೂತಿರುತ್ತದೆ. ಕಡೂರಿನ ರಾಗಿ ಹೊಲದಲ್ಲಿ ಆ ಕಥೆಯೇ ಇಲ್ಲ. ಎರಡನ್ನೂ ಬೆರೆಸಿದರೆ ನಾಲ್ಕೈದು ತೋಟಗಳ ಅತಿ ಮೌಲ್ಯಗಳೇ ಇಡೀ ನಕ್ಷೆಯನ್ನು ಎಳೆದಾಡುತ್ತವೆ. ಮಲೆನಾಡು, ಬಯಲುಸೀಮೆ ಬೇರೆ ಮಾಡಿ, ದತ್ತಾಂಶ ಒಂದೇ ಕಡೆ ವಾಲಿದ್ದರೆ ಲಾಗ್‌ಗೆ (ಲಾಗರಿದಮ್) ಪರಿವರ್ತಿಸಿ. ಅಕ್ಷಾಂಶ-ರೇಖಾಂಶದ ಡಿಗ್ರಿಯಲ್ಲೇ ದೂರ ಅಳೆಯಬೇಡಿ, ಮೀಟರ್‌ನಲ್ಲಿ ದೂರ ಕೊಡುವ ಯುಟಿಎಂ ನಕ್ಷಾ ಪದ್ಧತಿಯ 43 ಉತ್ತರ ವಲಯಕ್ಕೆ ತನ್ನಿ.

ಆದರೆ ನಿಜವಾದ ಎಡವಟ್ಟು ಹೊಲದಲ್ಲೇ. ಜಿಂಕ್ ಲೇಪದ ಬಕೆಟ್, ತುಕ್ಕು ಹಿಡಿದ ಗುದ್ದಲಿ, ಹಿತ್ತಾಳೆ ಜರಡಿ (ಅದೇ ತಾಮ್ರ-ಸತುವಿನ ಮಿಶ್ರಲೋಹ!) ಬಳಸಿದರೆ ಕೊರತೆಯ ಹೊಲವೂ ಸಮೃದ್ಧವಾಗಿ ಕಾಣುತ್ತದೆ. ಸ್ಟೇನ್‌ಲೆಸ್ ಆಗರ್‌ನಿಂದ (ಮಣ್ಣು ಕೊರೆಯುವ ಸಾಧನ) 0–15 ಸೆಂ.ಮೀ. ಮಣ್ಣು ತೆಗೆದು, ನೆರಳಲ್ಲಿ ಒಣಗಿಸಿ, 2 ಮಿ.ಮೀ. ನೈಲಾನ್ ಜರಡಿ ಹಿಡಿಯಿರಿ.

ಡಿಟಿಪಿಎ (ಗಿಡಕ್ಕೆ ಸಿಗುವ ಲೋಹಾಂಶವನ್ನು ಮಣ್ಣಿನಿಂದ ಹೊರತೆಗೆಯುವ ರಾಸಾಯನಿಕ) ವಿಧಾನದಲ್ಲಿ ಅಳೆದ ಸತುವಿಗೆ 0.6 ಪಿಪಿಎಂ (ಕಿಲೋ ಮಣ್ಣಿಗೆ ಮಿಲಿಗ್ರಾಂ) ಗಡಿ, ಅದಕ್ಕಿಂತ ಕಡಿಮೆಯಾದರೆ ಕೊರತೆ. ಕ್ರಿಗಿಂಗ್ ಏರಿಳಿತವನ್ನು ಸವರಿಬಿಡುವುದರಿಂದ 0.55, 0.65ರ ನಡುವಿನ ಗೆರೆ ನಂಬಬೇಡಿ, 0.6ಕ್ಕಿಂತ ಕಡಿಮೆ ಇರುವ ಸಂಭವನೀಯತೆಯ ನಕ್ಷೆ ಮಾಡಿ. ಬೋರಾನ್ ಡಿಟಿಪಿಎಯಲ್ಲಿ ಬರುವುದಿಲ್ಲ, ಅದಕ್ಕೆ ಬಿಸಿನೀರಿನ ವಿಧಾನವೇ ಬೇಕು.