ಒಂದು ಪಾರ್ಕಿಗೆ ಎರಡು ರಾತ್ರಿ

ಅಕ್ಟೋಬರ್ ಹತ್ತಿರ ಬಂದಾಗ ಆಸ್ಟಿನ್, ಡಲ್ಲಾಸ್, ಹ್ಯೂಸ್ಟನ್ ಕಡೆಯ ನಮ್ಮವರು ಟೆಂಟು, ಸ್ಲೀಪಿಂಗ್ ಬ್ಯಾಗು ಹುಡುಕಲು ಶುರು ಮಾಡ್ತಾರೆ. ಗಂಡ ಹೆಂಡತಿ ಇಬ್ಬರೇ, ಒಂದು ಕಾರು, ಒಂದು ವಾರ ರಜೆ, ಪಶ್ಚಿಮ ಟೆಕ್ಸಾಸ್. ಒಳ್ಳೆಯ ಯೋಚನೆ. ಕೆಡೋದು ಪಟ್ಟಿ ಬರೆಯುವಾಗ: ಏಳು ದಿನಕ್ಕೆ ಆರು ಪಾರ್ಕು, ದಿನಾ ಒಂದೊಂದು ಕಡೆ ಟೆಂಟು. ಊರಲ್ಲಿ ಧರ್ಮಸ್ಥಳ, ಸುಬ್ರಹ್ಮಣ್ಯ, ಶೃಂಗೇರಿ, ಹೊರನಾಡು ಎರಡೇ ದಿನಕ್ಕೆ ಮುಗಿಸಿ ಬಂದ ಅಭ್ಯಾಸ ಇಲ್ಲೂ ಬಿಟ್ಟಿಲ್ಲ. ಛತ್ರದಲ್ಲಾದರೆ ಚಾಪೆ ಸುತ್ತಿಟ್ಟು ಎದ್ದು ಹೊರಡಬಹುದು. ಟೆಂಟಿನಲ್ಲಿ ಅದು ನಡೆಯಲ್ಲ.

ಲೆಕ್ಕ ಹಾಕಿ. ಟೆಕ್ಸಾಸ್ ಸ್ಟೇಟ್ ಪಾರ್ಕುಗಳಲ್ಲಿ ಸೈಟು ಕೈಗೆ ಬರೋದು ಮಧ್ಯಾಹ್ನ 2 ಗಂಟೆಗೆ, ಬಿಡಬೇಕಾದ್ದು 12ಕ್ಕೆ. ಟೆಂಟು ನಿಲ್ಲಿಸಲು ಮುಕ್ಕಾಲು ಗಂಟೆ, ಹಾಸಿಗೆ ಮತ್ತು ಅಡುಗೆ ಸಾಮಾನು ಜೋಡಿಸಲು ಅರ್ಧ ಗಂಟೆ. ಬೆಳಿಗ್ಗೆ ತಿಂಡಿ ತಿಂದು, ಪಾತ್ರೆ ತೊಳೆದು, ಎಲ್ಲ ಮಡಚಿ ಡಿಕ್ಕಿಗೆ ತುಂಬಲು ಒಂದೂವರೆ ಗಂಟೆ. ಆಮೇಲೆ ನೂರು ಇನ್ನೂರು ಮೈಲಿ ಡ್ರೈವ್. ಒಂದೇ ರಾತ್ರಿ ತಂಗಿದರೆ ಪಾರ್ಕಿನೊಳಗೆ ನಡೆದಾಡಲು ಸಿಗೋದು ಕತ್ತಲಾಗುವ ಮುಂಚಿನ ಒಂದೆರಡು ಗಂಟೆ ಮಾತ್ರ. ಎರಡು ರಾತ್ರಿ ಇದ್ದರೆ ನಡುವೆ ಒಂದು ಇಡೀ ದಿನ ಬಿಡುವು. ಅದಕ್ಕೇ ನನ್ನ ಹಟ: ಒಂದು ಪಾರ್ಕಿಗೆ ಎರಡು ರಾತ್ರಿ, ಸಾಧ್ಯವಾದರೆ ಮೂರು. ಪಾರ್ಕುಗಳ ಸಂಖ್ಯೆ ಕಡಿಮೆಯಾದರೆ ಆಗಲಿ.

ಆಸ್ಟಿನ್ನಿನಿಂದ ಹೊರಡುವವರಿಗೆ ಒಂದು ದಾರಿ ಹೇಳ್ತೀನಿ. ಮೊದಲ ಎರಡು ರಾತ್ರಿ ಜಂಕ್ಷನ್ ಎಂಬ ಊರಿನ ಪಕ್ಕದ ಸೌತ್ ಲಾನೋ ರಿವರ್ ಪಾರ್ಕು, ಸುಮಾರು 140 ಮೈಲಿ. ಅಲ್ಲಿಂದ ಫೋರ್ಟ್ ಡೇವಿಸ್ ಊರಿನ ಡೇವಿಸ್ ಮೌಂಟನ್ಸ್ ಪಾರ್ಕಿನಲ್ಲಿ ಮೂರು ರಾತ್ರಿ, ಸುಮಾರು 290 ಮೈಲಿ. ಕೊನೆಗೆ ಮೊನಾಹನ್ಸ್ ಸ್ಯಾಂಡ್‌ಹಿಲ್ಸ್, ಸುಮಾರು 100 ಮೈಲಿ, ಒಂದೇ ರಾತ್ರಿ ಸಾಕು. ನನ್ನ ನಿಯಮ ನಾನೇ ಮುರೀತಿದ್ದೀನಿ ನಿಜ. ಅಲ್ಲಿರೋದು ಮರಳು, ಇನ್ನಷ್ಟು ಮರಳು. ಸಂಜೆ ಒಂದು ಸಲ, ಬೆಳಿಗ್ಗೆ ಒಂದು ಸಲ ದಿಬ್ಬ ಹತ್ತಿ ಜಾರಿದರೆ ಮುಗೀತು.

ಬುಕಿಂಗ್ ಐದು ತಿಂಗಳು ಮೊದಲೇ ತೆರೆಯುತ್ತೆ. ಶುಕ್ರವಾರ, ಶನಿವಾರದ ಸೈಟುಗಳು ಬೇಗ ಹೋಗ್ತವೆ, ಹಾಗಾಗಿ ಭಾನುವಾರ ಹೊರಡುವಂತೆ ರಜೆ ಹಾಕೋದು ಜಾಣತನ. ಸೈಟಿನ ಬಾಡಿಗೆ ಬೇರೆ, ತಲೆಗಿಷ್ಟು ಅಂತ ದಿನದ ಪ್ರವೇಶ ಶುಲ್ಕ ಬೇರೆ. 70 ಡಾಲರಿನ ವಾರ್ಷಿಕ ಪಾಸ್ ಇದ್ದರೆ ಕಾರಿನಲ್ಲಿ ಜೊತೆಗಿರುವವರ ಪ್ರವೇಶ ಶುಲ್ಕವೂ ಇಲ್ಲ. ಇಬ್ಬರು ಆರು ರಾತ್ರಿ ತಂಗಿದರೆ ಹೆಚ್ಚುಕಮ್ಮಿ ಆ ದುಡ್ಡು ವಾಪಸ್ ಬಂದಂತೆ. ಟೆಂಟಿಗೆ ಕರೆಂಟು ಇರುವ ಸೈಟು ದಂಡ, ನಲ್ಲಿ ಇರುವ ಸೈಟು ಸಾಕು. ಕತ್ತಲಾದ ಮೇಲೆ ತಲುಪುವ ಸಂಭವ ಇದ್ದರೆ ಅದೇ ದಿನ ಮಧ್ಯಾಹ್ನ ಆಫೀಸಿಗೆ ಫೋನ್ ಮಾಡಿ ಗೇಟಿನ ಕೋಡ್ ಇದೆಯೇ ಅಂತ ಕೇಳಿಟ್ಟುಕೊಳ್ಳಿ. ಆದರೆ ಕತ್ತಲಲ್ಲಿ ತಲುಪದೇ ಇರೋದೇ ಒಳ್ಳೇದು. ಮುಸ್ಸಂಜೆಗೆ ಜಿಂಕೆಗಳು ರಸ್ತೆಗೆ ಬರ್ತವೆ, 75 ಮೈಲಿ ವೇಗದಲ್ಲಿ ಬ್ರೇಕು ಹಾಕಿ ಏನೂ ಪ್ರಯೋಜನ ಇಲ್ಲ.

ಈಗ ಟೆಂಟು. ಡಬ್ಬದ ಮೇಲೆ ಇಬ್ಬರಿಗೆ ಅಂತ ಬರೆದಿದ್ದರೆ ಇಬ್ಬರು ಅಲುಗಾಡದೆ ಮಲಗಬಹುದು ಅಂತ ಅರ್ಥ, ಅಷ್ಟೇ. ನಾಲ್ಕು ಜನರ ಟೆಂಟು ತಗೊಳ್ಳಿ. ಕೆಳಗೆ ಹಾಸುವ ಟಾರ್ಪಾಲಿನ ವಿಷಯದಲ್ಲಿ ಮಾತ್ರ ಹತ್ತರಲ್ಲಿ ಎಂಟು ಜನ ಎಡವ್ತಾರೆ. ಟೆಂಟಿಗಿಂತ ದೊಡ್ಡ ನೀಲಿ ಟಾರ್ಪಾಲು ತಂದು, ಅಂಚು ಸುತ್ತಲೂ ಅರ್ಧ ಅಡಿ ಹೊರಗೆ ಬರುವ ಹಾಗೆ ಹಾಸಿ, ಮಣ್ಣಾಗಲ್ಲ ಅಂತ ಖುಷಿಪಡ್ತಾರೆ. ಮಳೆ ಬಂದರೆ ಟೆಂಟಿನ ಗೋಡೆಯಿಂದ ಇಳಿದ ನೀರು ಆ ಅಂಚಿನ ಮೇಲೆ ಬಿದ್ದು ಸೀದಾ ಟೆಂಟಿನ ತಳಕ್ಕೆ ಹರಿಯುತ್ತೆ. ಟಾರ್ಪಾಲು ನೀರು ಇಂಗೋಕೂ ಬಿಡಲ್ಲ. ಬೆಳಗಿನ ಜಾವ 3 ಗಂಟೆಗೆ ಬೆನ್ನು ತಣ್ಣಗಾದಾಗ ಟೆಂಟು ಸೋರ್ತಿದೆ ಅಂತ ಕಂಪನಿಯನ್ನು ಬೈಯೋದು. ಟಾರ್ಪಾಲಿನ ಅಂಚು ಎಲ್ಲ ಕಡೆ ಎರಡು ಇಂಚು ಒಳಗಿರಬೇಕು. ಹೆಚ್ಚಾದದ್ದನ್ನು ಕೆಳಮುಖವಾಗಿ, ನೆಲದ ಕಡೆಗೆ ಮಡಚಿ. ಮೇಲಕ್ಕೆ ಮಡಚಿದರೆ ಅದೇ ಬೋಗುಣಿ ಆಗುತ್ತೆ.

ಟೆಂಟಿನ ಜೊತೆ ಬರುವ ತೆಳು ಅಲ್ಯೂಮಿನಿಯಂ ಗೂಟಗಳನ್ನು ಮನೆಯಲ್ಲೇ ಬಿಡಿ. ಫೋರ್ಟ್ ಡೇವಿಸ್ ಕಡೆಯ ನೆಲ ಕಲ್ಲು, ಎರಡನೇ ಏಟಿಗೇ ಬಾಗ್ತವೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಹತ್ತು ಇಂಚಿನ ಉಕ್ಕಿನ ಮೊಳೆ ಸಿಗುತ್ತೆ, ಹತ್ತು ಹನ್ನೆರಡು ತಗೊಳ್ಳಿ, ತಲೆಗೆ ಒಂದೊಂದು ವಾಶರ್ ಹಾಕಿದರೆ ಹಗ್ಗ ಜಾರಲ್ಲ. ಮೊನಾಹನ್ಸಿನಲ್ಲಿ ಇದಕ್ಕೆ ಪೂರ್ತಿ ಉಲ್ಟಾ, ಮರಳಿನಲ್ಲಿ ಯಾವ ಗೂಟವೂ ನಿಲ್ಲಲ್ಲ. ಖಾಲಿ ಅಕ್ಕಿ ಚೀಲದಂಥ ಗಟ್ಟಿ ಚೀಲಕ್ಕೆ ಮರಳು ತುಂಬಿ, ಬಾಯಿಗೆ ಟೆಂಟಿನ ಹಗ್ಗ ಕಟ್ಟಿ, ಒಂದಡಿ ಆಳಕ್ಕೆ ಹೂಳಿ. ನಾಲ್ಕು ಮೂಲೆಗೆ ನಾಲ್ಕು ಚೀಲ. ಮಾರ್ಚ್, ಏಪ್ರಿಲ್‌ನಲ್ಲಿ ಅಲ್ಲಿ ಬೀಸುವ ಗಾಳಿಗೆ ಇದೂ ಸಾಲದೇ ಹೋಗಬಹುದು. ಆ ತಿಂಗಳುಗಳಲ್ಲಿ ಮೊನಾಹನ್ಸ್ ಕೈಬಿಟ್ಟು ಫೋರ್ಟ್ ಡೇವಿಸಿನಲ್ಲೇ ಇನ್ನೊಂದು ರಾತ್ರಿ ಇರೋದು ಮೇಲು.

ಮರುಭೂಮಿ ಅಂದರೆ ಸೆಕೆ ಅಂತ ತೆಳು ಹೊದಿಕೆ ತಂದು ನಡುಗಬೇಡಿ. ಫೋರ್ಟ್ ಡೇವಿಸ್ ಸಮುದ್ರಮಟ್ಟದಿಂದ ಸುಮಾರು 5,000 ಅಡಿ ಎತ್ತರದಲ್ಲಿದೆ, ಹೆಚ್ಚುಕಮ್ಮಿ ನಮ್ಮ ನಂದಿಬೆಟ್ಟದಷ್ಟು. ಅಕ್ಟೋಬರ್ ರಾತ್ರಿ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯೋದು ಮಾಮೂಲು. ಚಳಿ ಹತ್ತೋದು ಮೇಲಿನಿಂದಲ್ಲ, ನೆಲದಿಂದ. ದಪ್ಪ ಗಾಳಿಹಾಸಿಗೆ ಮೆತ್ತಗಿರುತ್ತೆ, ಆದರೆ ಒಳಗಿನ ಗಾಳಿ ನೆಲದಷ್ಟೇ ತಣ್ಣಗಾಗುತ್ತೆ. ಮಧ್ಯಾಹ್ನ ಬಿಸಿಯಲ್ಲಿ ತುಂಬಿದ ಗಾಳಿ ರಾತ್ರಿ ಕುಗ್ಗಿ, ಬೆಳಿಗ್ಗೆಗೆ ಇಬ್ಬರೂ ನಡುವಿನ ಗುಂಡಿಗೆ ಉರುಳಿರ್ತಾರೆ. ಅದು ತೂತಲ್ಲ. ಮಲಗುವ ಮುಂಚೆ ಇನ್ನೊಂದಿಷ್ಟು ಗಾಳಿ ತುಂಬಿ. ಅದರ ಮೇಲೆ ಒಂದು ರಜಾಯಿಯನ್ನೋ ಉಣ್ಣೆ ಕಂಬಳಿಯನ್ನೋ ಹಾಸಿ, ಆಮೇಲೆ ಸ್ಲೀಪಿಂಗ್ ಬ್ಯಾಗು. ಚಳಿ ಅಂತ ಟೆಂಟಿನ ಕಿಟಕಿಗಳನ್ನು ಪೂರ್ತಿ ಮುಚ್ಚಬೇಡಿ, ಇಬ್ಬರ ಉಸಿರಿನ ತೇವವೇ ಬೆಳಿಗ್ಗೆ ಒಳಗಡೆ ಹನಿಯಾಗಿ ತೊಟ್ಟಿಕ್ಕುತ್ತೆ. ಮೇಲಿನ ಜಾಲರಿ ನಾಲ್ಕು ಬೆರಳಷ್ಟು ತೆರೆದಿರಲಿ. ಒಲೆಯನ್ನಂತೂ ಯಾವ ಕಾರಣಕ್ಕೂ ಟೆಂಟಿನ ಒಳಗೆ ಹಚ್ಚಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಕೊಲ್ಲುತ್ತೆ.

ಅಡುಗೆಗೆ ಕ್ಯಾಂಪ್‌ಫೈರ್ ನಂಬಿ ಹೊರಟವರು ಬ್ರೆಡ್ಡು ತಿಂದು ಮಲಗಬೇಕಾಗುತ್ತೆ. ಒಣಹವೆ ಇದ್ದಾಗ ಕೌಂಟಿಯವರು ಬೆಂಕಿ ನಿಷೇಧ ಹಾಕ್ತಾರೆ, ಸೌದೆ, ಇದ್ದಿಲು ಎರಡೂ ಬಂದ್. ಪಾರ್ಕಿನ ಪುಟದಲ್ಲಿ ಹೊರಡುವ ಹಿಂದಿನ ದಿನ ನೋಡಿಕೊಳ್ಳಿ. ನಿಷೇಧ ಇಲ್ಲದಿದ್ದರೂ ಪಾರ್ಕಿನ ಒಣಕಡ್ಡಿ ಆಯುವ ಹಾಗಿಲ್ಲ, ಸೌದೆ ಕೊಳ್ಳಬೇಕು. ಗ್ಯಾಸ್ ಒಲೆಗೆ ಸಾಮಾನ್ಯವಾಗಿ ಅಡ್ಡಿ ಇಲ್ಲ. ಎರಡು ಬರ್ನರಿನ ಪ್ರೋಪೇನ್ ಒಲೆ, ಒಂದು ಪೌಂಡಿನ ಹಸಿರು ಸಿಲಿಂಡರ್. ತಲಾ 10,000 ಬಿಟಿಯು (ಶಾಖದ ಅಳತೆ) ಉರಿಯುವ ಎರಡೂ ಬರ್ನರ್ ಪೂರ್ತಿ ಉರಿದರೆ ಒಂದು ಸಿಲಿಂಡರ್ ಒಂದೇ ಗಂಟೆ. ಇಬ್ಬರಿಗೆ ಕಾಫಿ, ತಿಂಡಿ, ರಾತ್ರಿ ಊಟ ಅಂದರೆ ಎರಡು ದಿನ ಬರುತ್ತೆ. ಆರು ರಾತ್ರಿಗೆ ನಾಲ್ಕು ತಗೊಳ್ಳಿ, ಗಾಳಿಗೆ ಅರ್ಧ ಉರಿ ಹೋಗುತ್ತೆ.

ಮೂರು ಲೀಟರಿನ ಕುಕ್ಕರ್ ಮರೆತರೆ ಪ್ರವಾಸ ಅರ್ಧ ಕೆಟ್ಟಂತೆ. 5,000 ಅಡಿಯಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತೆ, ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯೋಕೆ ಕಾದು ಕಾದು ಹಸಿವೇ ಸಾಯುತ್ತೆ. ಬೇಳೆಯೂ ಹೆಸರುಬೇಳೆಯೇ ಇರಲಿ. ಮುಕ್ಕಾಲು ಕಪ್ ಅಕ್ಕಿ, ಅರ್ಧ ಕಪ್ ಹುರಿದ ಹೆಸರುಬೇಳೆ, ನಾಲ್ಕು ಕಪ್ ನೀರು, ಒಂದು ಚಮಚ ತುಪ್ಪ, ಜೀರಿಗೆ, ಮೆಣಸು, ಉಪ್ಪು. ನಾಲ್ಕು ವಿಸಿಲ್ ಕೂಗಿಸಿ ಆರಲು ಬಿಟ್ಟರೆ ಇಬ್ಬರಿಗೆ ಖಾರದ ಹುಗ್ಗಿ. ಬೆಳಿಗ್ಗೆಗೆ ಉಪ್ಪಿಟ್ಟು: ರವೆಯನ್ನು ಮನೆಯಲ್ಲೇ ಹುರಿದು, ಒಗ್ಗರಣೆ ಕಲಸಿ, ಕರಿಬೇವು ಗರಿಗರಿ ಆಗುವಷ್ಟು ಬಾಡಿಸಿ ಡಬ್ಬಕ್ಕೆ ತುಂಬಿ. ಒಂದು ಕಪ್ಪಿಗೆ ಎರಡೂವರೆ ಕಪ್ ಕುದಿಯುವ ನೀರು ಸುರಿದು ಐದು ನಿಮಿಷ ಮುಚ್ಚಿಟ್ಟರಾಯಿತು. ಗೊಜ್ಜವಲಕ್ಕಿಗೆ ಅದೂ ಬೇಡ. ದೋಸೆಹಿಟ್ಟು ಒಯ್ಯುವ ಆಸೆ ಇದ್ದವರು ಡಬ್ಬದ ಅರ್ಧದಷ್ಟೇ ತುಂಬಿ. ಕೂಲರಿನಲ್ಲಿ ಐಸ್ ಕರಗುತ್ತಾ ಬಂದಂತೆ ಹಿಟ್ಟು ಹುಳಿಯುತ್ತೆ, ಎತ್ತರ ಏರಿದಂತೆ ಗಾಳಿಯ ಒತ್ತಡ ಇಳಿಯುತ್ತೆ. ಮುಚ್ಚಳ ಹಾರಿದರೆ ಕೂಲರಿನಲ್ಲಿರೋದೆಲ್ಲ ದೋಸೆಯೇ. ಐಸ್ ಚೂರು ಕೊಳ್ಳುವ ಬದಲು ಒಂದು ಗ್ಯಾಲನ್ನಿನ ಎರಡು ನೀರಿನ ಕ್ಯಾನ್‌ಗಳನ್ನು ಹಿಂದಿನ ಎರಡು ದಿನ ಫ್ರೀಜರಿನಲ್ಲಿಡಿ. ದಪ್ಪ ಗಡ್ಡೆ ನಿಧಾನ ಕರಗುತ್ತೆ, ಕರಗಿದ ಮೇಲೆ ಕುಡಿಯಲೂ ಆಗುತ್ತೆ.

ಫೋರ್ಟ್ ಡೇವಿಸಿನಲ್ಲಿ ಹವೆಲೀನಾ ಅಂತ ಕಾಡುಹಂದಿಯನ್ನೇ ಹೋಲುವ ಪ್ರಾಣಿ ಗುಂಪು ಗುಂಪಾಗಿ ಸೈಟಿಗೆ ಬರುತ್ತೆ. ಕಣ್ಣು ಮಂದ, ಮೂಗು ಚುರುಕು. ತಿನ್ನುವ ಸಾಮಾನು, ಕಸ, ತೊಳೆಯದ ಪಾತ್ರೆ ಎಲ್ಲ ರಾತ್ರಿ ಕಾರಿನೊಳಗೆ. ಟೆಂಟಿನಲ್ಲಿ ಚಕ್ಕುಲಿ ಪೊಟ್ಟಣ ಇಟ್ಟುಕೊಂಡು ಮಲಗಬೇಡಿ. ಬೆಳಿಗ್ಗೆ ಶೂ ಕೊಡವಿ ಹಾಕಿಕೊಳ್ಳಿ, ಚೇಳಿರುತ್ತೆ.

ಫೋರ್ಟ್ ಡೇವಿಸಿನಲ್ಲಿ ತಂಗುವ ಮೂರು ದಿನಗಳಿಗೇ ಸಣ್ಣ ಊರುಗಳು ಬೇಕಾಗೋದು. ಫೋರ್ಟ್ ಡೇವಿಸ್, ಮಾರ್ಫಾ, ಆಲ್ಪೈನ್ ಮೂರೂ ಒಂದಕ್ಕೊಂದು 20ರಿಂದ 26 ಮೈಲಿ, ಟೆಂಟು ಕೀಳದೆ ಎಲ್ಲ ನೋಡಬಹುದು. ಹಳೆಯ ಸೈನಿಕ ಕೋಟೆಗೆ ಪಾರ್ಕಿನಿಂದಲೇ ಕಾಲುದಾರಿ ಇದೆ. ಮೆಕ್‌ಡೊನಾಲ್ಡ್ ವೀಕ್ಷಣಾಲಯದ ನಕ್ಷತ್ರ ವೀಕ್ಷಣೆಗೆ ಮೊದಲೇ ಟಿಕೆಟ್ ಮಾಡಿ, ಹುಣ್ಣಿಮೆಯ ಆಸುಪಾಸು ಬೇಡವೇ ಬೇಡ. ಪಂಚಾಂಗ ನೋಡಿ ಅಮಾವಾಸ್ಯೆಯ ವಾರಕ್ಕೆ ರಜೆ ಹಾಕಿ. ಮಾರ್ಫಾದ ಬಯಲಲ್ಲಿ ರಾತ್ರಿ ಕಾಣ್ತವೆ ಅನ್ನೋ ಮಾಯಾದೀಪಗಳು ನನ್ನ ಮಟ್ಟಿಗೆ ದೂರದ ಹೆದ್ದಾರಿಯ ಕಾರಿನ ಲೈಟು. ಅದಕ್ಕಿಂತ ಬಾಲ್ಮೊರೆ ಪಾರ್ಕಿನ ಊಟೆಕೊಳದಲ್ಲಿ ಅರ್ಧ ದಿನ ಕಳೆಯಿರಿ. 1930ರ ದಶಕದಲ್ಲಿ ಕಟ್ಟಿದ್ದು, ವರ್ಷವಿಡೀ ನೀರು 22ರಿಂದ 24 ಡಿಗ್ರಿ, ಕೆಲವು ಕಡೆ 25 ಅಡಿ ಆಳ, ಜೀವರಕ್ಷಕರಿಲ್ಲ. ಈಜು ಬಾರದವರು ಮೆಟ್ಟಿಲ ಬಳಿಯೇ ಇರಿ. ಅದರ ದಿನದ ಪಾಸನ್ನೂ ಮೊದಲೇ ತೆಗೆದಿಡಿ.

ಸೋಮವಾರದಿಂದ ಬುಧವಾರ ಮಾರ್ಫಾದ ಎಷ್ಟೋ ಹೋಟೆಲುಗಳು ಮುಚ್ಚಿರ್ತವೆ, ಭಾನುವಾರ ಹೊರಟವರು ಊಟಕ್ಕೆ ಅದನ್ನು ನೆಚ್ಚಿಕೊಳ್ಳಬೇಡಿ. ಸಸ್ಯಾಹಾರಿಗಳು ಬೀನ್ಸ್ ಬುರಿಟೊ ಅಂತ ನಿಶ್ಚಿಂತೆ ಪಡಬೇಡಿ, ರುಬ್ಬಿದ ಬೀನ್ಸಿಗೆ ಹಂದಿಕೊಬ್ಬು, ಕೆಂಪನ್ನಕ್ಕೆ ಕೋಳಿಸಾರು ಹಾಕುವ ರೂಢಿ ಇದೆ. 'ವೆಜಿಟೇರಿಯನ್ನಾ' ಅಂತ ಕೇಳಿದರೆ ಹೌದು ಅಂತಾರೆ, 'ಲಾರ್ಡ್ ಹಾಕ್ತೀರಾ, ಚಿಕನ್ ಬ್ರಾತ್ ಹಾಕ್ತೀರಾ' ಅಂತಲೇ ಕೇಳಿ. ದೊಡ್ಡ ಸಾಮಾನೆಲ್ಲ ಜಂಕ್ಷನ್ನಿನಿಂದ ಫೋರ್ಟ್ ಡೇವಿಸಿಗೆ ಹೋಗುವ ದಾರಿಯ ಫೋರ್ಟ್ ಸ್ಟಾಕ್‌ಟನ್ ವಾಲ್‌ಮಾರ್ಟಿನಲ್ಲಿ ಮುಗಿಸಿಕೊಳ್ಳಿ.

ಕಾರಿನದ್ದು ಎರಡೇ ಮಾತು. ಅದೇ ದಾರಿಯ ಓಜೋನಾ ಊರಲ್ಲಿ ಟ್ಯಾಂಕ್ ತುಂಬಿಸಿ, ಅಲ್ಲಿಂದ ಫೋರ್ಟ್ ಸ್ಟಾಕ್‌ಟನ್‌ಗೆ ನೂರಕ್ಕೂ ಹೆಚ್ಚು ಮೈಲಿ, ನಡುವೆ ನಂಬುವಂಥ ಬಂಕು ಕಡಿಮೆ. ಹೈಬ್ರಿಡ್ ಕಾರಿದ್ದವರು ಡಿಕ್ಕಿಯ ತಳ ಎತ್ತಿ ನೋಡಿ, ಸ್ಟೆಪ್ನಿ ಬದಲು ಅಂಟಿನ ಡಬ್ಬ ಮಾತ್ರ ಇರಬಹುದು. ಮೊಳೆ ಚುಚ್ಚಿದ್ದಕ್ಕೆ ಅದು ಸಾಕು, ಟೈರಿನ ಪಕ್ಕ ಹರಿದರೆ ಅದರಿಂದ ಏನೂ ಪ್ರಯೋಜನ ಇಲ್ಲ. ಮ್ಯಾಪನ್ನು ಫೋನಿಗೆ ಇಳಿಸಿಟ್ಟುಕೊಳ್ಳಿ.

ಗ್ರೀನ್ ಕಾರ್ಡೋ, ವೀಸಾದಲ್ಲಿರುವವರಾದರೆ ಪಾಸ್‌ಪೋರ್ಟು ಮತ್ತು ಐ-94ರ (ದೇಶದೊಳಗೆ ಬಂದ ದಾಖಲೆ) ಪ್ರತಿಯೋ ಜೊತೆಯಲ್ಲೇ ಇರಲಿ, ಇಬ್ಬರದ್ದೂ. 18 ದಾಟಿದ ವಿದೇಶೀಯರು ನೋಂದಣಿ ದಾಖಲೆ ಮೈಮೇಲೆ ಇಟ್ಟುಕೊಂಡಿರಬೇಕು ಅನ್ನೋದು ಕಾನೂನು. ಮಾರ್ಫಾ, ಆಲ್ಪೈನ್‌ಗಳಿಂದ ದಕ್ಷಿಣಕ್ಕೆ ಹೋಗಿ ವಾಪಸ್ ಬರುವ ರಸ್ತೆಗಳಲ್ಲಿ ಬಾರ್ಡರ್ ಪ್ಯಾಟ್ರೋಲ್ (ಗಡಿ ಕಾವಲು ಪಡೆ) ತಪಾಸಣೆ ಇದೆ. ದಾಖಲೆ ಕೇಳಿದಾಗ ಹಾಸಿಗೆ, ಕುಕ್ಕರಿನ ಅಡಿಯಲ್ಲಿರುವ ಸೂಟ್‌ಕೇಸು ಹುಡುಕುವ ಪರಿಸ್ಥಿತಿ ಬೇಡ. ಮುಂದಿನ ಡ್ಯಾಶ್‌ಬೋರ್ಡಿನಲ್ಲಿಡಿ.

ಮೊನಾಹನ್ಸಿನಿಂದ ಆಸ್ಟಿನ್‌ಗೆ 350 ಮೈಲಿಗೂ ಮೇಲೆ. ಮನೆ ತಲುಪಿ ಟೆಂಟಿನ ಚೀಲವನ್ನು ಹಾಗೇ ಗ್ಯಾರೇಜಿಗೆ ಎಸೆದರೆ ಬೆಳಗಿನ ಇಬ್ಬನಿಯ ತೇವಕ್ಕೆ ಬೂಸ್ಟು ಹಿಡಿಯುತ್ತೆ, ಆ ವಾಸನೆ ಮತ್ತೆ ಹೋಗಲ್ಲ. ಅವತ್ತೇ ಬಿಚ್ಚಿ, ಮರಳು ಕೊಡವಿ, ಬಾಲ್ಕನಿಯಲ್ಲೋ ಬಾತ್‌ರೂಮಿನ ಪರದೆ ಸರಳಿನ ಮೇಲೋ ಒಂದು ರಾತ್ರಿ ಹರವಿ. ಝಿಪ್ಪಿನ ಹಲ್ಲುಗಳನ್ನು ಹಳೆಯ ಟೂತ್‌ಬ್ರಶ್ಶಿನಿಂದ ಉಜ್ಜಿ, ಮೊನಾಹನ್ಸಿನ ಮರಳು ಅಲ್ಲೇ ಅಡಗಿ ಕೂತಿರುತ್ತೆ.